ಪ್ರಯಾಣದಲ್ಲಿ ಇರುಳಿನ ಬಿಡಾರ

ಅತಿಥಿ ಎಂಬ ಶಬ್ದವನ್ನು ಹಿಂದಿನ ಪಂಡಿತರು ‘ಯಾವನಿಗೆ ತಿಥಿಯಿಲ್ಲವೋ ಅವನು’ ಎಂದು ಬಿಡಿಸಿ ಹೇಳುವುದುಂಟು. ಇಂಥ ದಿನ ಬರುವೆನೆಂದು ಮೊದಲೇ ತಿಳಿಸದೆ, ದಾರಿಯಲ್ಲಿ ಹೊತ್ತು ಮುಳುಗಿದುದರಿಂದ ಬಾಗಿಲಿಗೆ ಬಂದು ನಿಂತವನೇ ಅತಿಥಿ. ಅಂಥವನಿಗೆ ಅನ್ನವನ್ನೂ ಜಗಲಿಯನ್ನೂ ಕೊಡುವುದು ಗೃಹಸ್ಥಧರ್ಮವೆಂದು ಎಣಿಸಿದ್ದ ಕಾಲವೊಂದಿತ್ತು. ಈಗ ಮೋಟಾರಿನಲ್ಲಿ ಸಂಸಾರಸಮೇತರಾಗಿ ಹೊರಡುವವರು ತಂಗುವುದು ಬಹುಮಟ್ಟಿಗೆ ಹಣ ಕೊಟ್ಟು ಇಳಿಯುವ ವಸತಿಗೃಹಗಳಲ್ಲಿ. ಅಲ್ಲಿ ಕೋಣೆಯನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಬೇಕೆ, ಅಥವಾ ಹೋದ ಊರಿನಲ್ಲಿ ಹುಡುಕಿಕೊಂಡರೆ ಸಾಕೆ ಎಂಬ ವಾದವು ಪ್ರತಿ ರಜೆಯಲ್ಲಿಯೂ ಅನೇಕ ಮನೆಗಳಲ್ಲಿ ಏಳುವುದು. ಈ ವಿಷಯದಲ್ಲಿ ನಮಗೆ ತೋರಿದ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತೇವೆ.

ದಾರಿಹೋಕರಿಗೆ ತಂಗುದಾಣವನ್ನು ಏರ್ಪಡಿಸುವುದು ನಮ್ಮ ದೇಶದಲ್ಲಿ ಬಹು ಪ್ರಾಚೀನವಾದ ಪದ್ಧತಿ. ಮಾರ್ಗಗಳಲ್ಲಿ ಆಲದ ಮರಗಳನ್ನು ನೆಡಿಸಿ, ಬಾವಿಗಳನ್ನು ತೋಡಿಸಿ, ವಿಶ್ರಾಂತಿಗೃಹಗಳನ್ನು ಕಟ್ಟಿಸಿದ ಸಂಗತಿಯನ್ನು ಅಶೋಕ ಚಕ್ರವರ್ತಿಯು ತನ್ನ ಸ್ತಂಭಶಾಸನದಲ್ಲಿ ಹೇಳಿಕೊಂಡಿರುವನು. ಬೆಂಗಳೂರಿನ ರೈಲು ನಿಲ್ದಾಣದ ಸಮೀಪದಲ್ಲಿ ಗುಬ್ಬಿ ತೋಟದಪ್ಪನವರ ಛತ್ರವು 1903ರಲ್ಲಿ ತೆರೆಯಿತು. ಯಾರೂ ಮುಂದಾಗಿ ಹೇಳಿಕಳುಹಿಸದಿದ್ದರೂ ಇಂಥ ಛತ್ರಗಳಲ್ಲಿ ಸ್ಥಳ ಸಿಕ್ಕುತ್ತಿದ್ದುದಕ್ಕೆ ಕಟ್ಟಿಸಿದವರ ದಾನಬುದ್ಧಿಯೊಂದೇ ಕಾರಣವಲ್ಲ. ಎತ್ತಿನ ಗಾಡಿಯು ದಿನಕ್ಕೆ ಕೆಲವು ಹರದಾರಿಗಳನ್ನು ಮಾತ್ರ ಸಾಗುತ್ತಿದ್ದುದರಿಂದ ಒಬ್ಬೊಬ್ಬರು ಒಂದೊಂದು ದಿನ, ಒಂದೊಂದು ಊರಿನಲ್ಲಿ ಇಳಿಯುತ್ತಿದ್ದರು. ಈಗಲಾದರೋ ಬೆಂಗಳೂರಿನಿಂದ ಹೊಸಪೇಟೆಯವರೆಗಿನ ಸುಮಾರು 340 ಕಿಲೋಮೀಟರು ದಾರಿಯು ಒಂದು ಹಗಲಿನ ಪ್ರಯಾಣ. ಎಲ್ಲರಿಗೂ ರಜೆ ಬರುವುದು ಒಂದೇ ದಿನ; ಎರಡನೆಯ ಶನಿವಾರದ ಜೊತೆಗೆ 2019ರಿಂದ ನಾಲ್ಕನೆಯ ಶನಿವಾರವೂ ನಮ್ಮ ರಾಜ್ಯದ ಸರ್ಕಾರಿ ಕಚೇರಿಗಳಿಗೆ ಬಿಡುವಾಗಿದೆ. ಒಂದೇ ಬೆಳಿಗ್ಗೆ ಹೊರಟ ಸಾವಿರಾರು ಮಂದಿ ಒಂದೇ ಸಂಜೆ ಒಂದೇ ಊರನ್ನು ಸೇರಿದರೆ, ಕೋಣೆಗಳು ಎಷ್ಟಿದ್ದರೆ ತಾನೆ ಸಾಕಾದಾವು?

ಒಂದು ಕಾರ್ತಿಕಮಾಸದಲ್ಲಿ ಮಲೆನಾಡಿನ ಒಂದು ಕ್ಷೇತ್ರದ ವಸತಿಗೃಹದಲ್ಲಿ ನಾವು ಇಳಿದಿದ್ದೆವು. ರಾತ್ರಿ ಹತ್ತೂವರೆಯ ಹೊತ್ತಿಗೆ ಒಂದು ಮೋಟಾರು ಬಂದು ನಿಂತಿತು. ಯಜಮಾನನಾದ ತರುಣನು ಒಳಕ್ಕೆ ಬಂದು ವಿಚಾರಿಸಿ, ಕೋಣೆಯಿಲ್ಲವೆಂದು ಕೇಳಿ, ಪಕ್ಕದ ಬಿಡಾರಗಳನ್ನೆಲ್ಲ ಸುತ್ತಿ ಮತ್ತೆ ಅಲ್ಲಿಗೇ ಬಂದನು. ಹಿಂದಿನ ಆಸನದಲ್ಲಿ ಅವನ ವೃದ್ಧ ತಾಯಿ, ಮಡಿಲಲ್ಲಿ ಮಗುವನ್ನು ಹಾಕಿಕೊಂಡ ಹೆಂಡತಿ. ನಮ್ಮ ಮನೆಯವರು ಹೊರಕ್ಕೆ ಹೋಗಿ ಮಾತನಾಡಿಸಿದಾಗ ಆ ವೃದ್ಧೆಯು, “ಹೊರಡುವಾಗಲೇ ಕೇಳಿದೆನಮ್ಮಾ, ರಾತ್ರಿ ಎಲ್ಲಿ ಇಳಿಯುವುದೆಂದು. ಹೋದಲ್ಲಿ ಸಿಕ್ಕುತ್ತದೆ ಅಂದುಬಿಟ್ಟ” ಎಂದು ಮೊಣಕಾಲನ್ನು ನೀವಿಕೊಂಡರು. ಅತ್ತೆ ಸೊಸೆಯರನ್ನೂ ಮಗುವನ್ನೂ ನಮ್ಮ ಕೋಣೆಯಲ್ಲಿ ಮಲಗಿಸಿಕೊಂಡೆವು. ತರುಣನು ಮೋಟಾರಿನಲ್ಲಿಯೇ ರಾತ್ರಿಯನ್ನು ಕಳೆದನು. ಬೆಳಿಗ್ಗೆ ತಿಳಿದ ಸಂಗತಿಯೇನೆಂದರೆ, ಆ ರಾತ್ರಿ ಅಲ್ಲಿ ಎರಡು ಕೋಣೆಗಳು ಬೀಗ ಹಾಕಿಕೊಂಡು ಬರಿದೇ ಇದ್ದುವು. ಅವುಗಳನ್ನು ಗೊತ್ತುಮಾಡಿದವರು ಬರಲೂ ಇಲ್ಲ, ಬರುವುದಿಲ್ಲವೆಂದು ತಿಳಿಸಲೂ ಇಲ್ಲ.

‘ಹೋದಲ್ಲಿ ಸಿಕ್ಕುತ್ತದೆ’ ಎಂಬ ಮಾತಿನಲ್ಲಿ ಸ್ವಾತಂತ್ರ್ಯದ ಸುಖವಿರುವುದು ನಿಜ. ಆದರೆ ಆ ಸುಖವು ಮುಂದಿನ ಆಸನದವನದು. ಅದರ ಬೆಲೆಯನ್ನು ತೆರುವವರು ಹಿಂದಿನ ಆಸನದವರು. ಆದುದರಿಂದ ಮೊದಲು ನೋಡತಕ್ಕದ್ದು ಜೊತೆಯಲ್ಲಿ ಯಾರಿರುವರೆಂಬುದನ್ನು. ವೃದ್ಧರು, ಕೂಸುಗಳು, ಗರ್ಭಿಣಿಯರು, ಹೊತ್ತುಹೊತ್ತಿಗೆ ಔಷಧ ಬೇಕಾದವರು ಇದ್ದರೆ ಬಿಡಾರವನ್ನು ಮುಂಗಡವಾಗಿ ಗೊತ್ತುಮಾಡಿಕೊಂಡೇ ಹೊರಡಬೇಕು.

ಎರಡನೆಯದಾಗಿ ಪಂಚಾಂಗವನ್ನು ನೋಡಬೇಕು. ಮೈಸೂರಿನ ದಸರಾ, ಧರ್ಮಸ್ಥಳದ ಲಕ್ಷದೀಪೋತ್ಸವ, ಎರಡು ವರ್ಷಗಳಿಗೊಮ್ಮೆ ಜನವರಿ 18ರಂದು ಉಡುಪಿಯಲ್ಲಿ ನಡೆಯುವ ಪರ್ಯಾಯ, ಇಂಥ ದಿನಗಳಲ್ಲಿ ಆಯಾ ಊರಿನಲ್ಲಿ ಕೋಣೆಯನ್ನು ಅರಸುವುದು ವ್ಯರ್ಥ. ಮೂರನೆಯದಾಗಿ ಮಾರ್ಗವನ್ನು ನೋಡಬೇಕು. ಬಂಡೀಪುರದ ಕಾಡಿನ ಹೆದ್ದಾರಿಗಳಲ್ಲಿ ರಾತ್ರಿ 9 ಗಂಟೆಯಿಂದ ಬೆಳಿಗ್ಗೆ 6 ಗಂಟೆಯವರೆಗೆ ಸಾಮಾನ್ಯ ವಾಹನಗಳಿಗೆ ಸಂಚಾರವಿಲ್ಲವೆಂಬ ಕಟ್ಟಳೆಯು 2009ರಲ್ಲಿ ಜಾರಿಗೆ ಬಂದಿತು. ಊಟಿಗೋ ವಯನಾಡಿಗೋ ಹೊರಟವನು ಹೊತ್ತು ಮೀರಿ ಆ ಗೇಟನ್ನು ಮುಟ್ಟಿದರೆ, ತನ್ನಂತೆಯೇ ತಡವಾದವರೆಲ್ಲರ ಸಂಗಡ ಗುಂಡ್ಲುಪೇಟೆಗೆ ಹಿಂದಿರುಗಿ ಬಿಡಾರವನ್ನು ಹುಡುಕಬೇಕಾಗುವುದು.

ಹಾಗೆಂದು ಪ್ರತಿಯೊಂದು ರಾತ್ರಿಯನ್ನೂ ಮನೆಯಲ್ಲಿ ಕುಳಿತೇ ಕಟ್ಟಿಹಾಕುವುದು ಜಾಣತನವಲ್ಲ. ಮುಂಗಡ ಕೊಟ್ಟ ಕೋಣೆಯು ದೂರದಲ್ಲಿದ್ದರೆ ಅದೇ ಒಂದು ಅಂಕುಶವಾಗಿ ತಿವಿಯತೊಡಗುವುದು. ಮಳೆ ಸುರಿಯಲಿ, ಚಕ್ರ ಕೆಡಲಿ, ಕೊಟ್ಟ ಹಣ ಹೋದೀತೆಂಬ ಆತುರದಿಂದ ಕತ್ತಲಲ್ಲಿ ಘಟ್ಟವನ್ನು ಇಳಿಯುವವರನ್ನು ಕಂಡಿದ್ದೇವೆ. ಹಣವು ಹೋದರೆ ಮತ್ತೆ ಬಂದೀತು. ಅಲ್ಲದೆ ಬಾದಾಮಿಯ ಮೇಣಬಸದಿಯ ಮುಂದೆ ಸಂಜೆಯ ಬಿಸಿಲು ಕೆಂಪು ಕಲ್ಲಿನ ಮೇಲೆ ಬಿದ್ದಾಗ, ಇನ್ನೊಂದು ದಿನ ಇಲ್ಲಿಯೇ ಇರೋಣವೆಂದು ಮಕ್ಕಳು ಹೇಳಿದರೆ, ಹೂಂ ಎನ್ನುವಷ್ಟು ಅವಕಾಶವಿಲ್ಲದ ಪ್ರವಾಸವು ಕಚೇರಿಯ ಕೆಲಸದಂತಾದೀತು. ತುಮಕೂರು, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿಗಳಂಥ ಹೆದ್ದಾರಿಯ ಊರುಗಳಲ್ಲಿ ಹಬ್ಬ ಮದುವೆಗಳ ಗದ್ದಲವಿಲ್ಲದ ವಾರದ ದಿನ ಗಟ್ಟಿಮುಟ್ಟಾದವರು ಕೋಣೆಯನ್ನು ಕಣ್ಣಾರೆ ನೋಡಿ, ಬಾಡಿಗೆಯನ್ನು ಮಾತನಾಡಿ ಇಳಿಯುವುದೇ ಲೇಸು.

ನಾವು ಅನುಸರಿಸುವ ಮಧ್ಯಮಮಾರ್ಗವಿದು. ಮೊದಲ ರಾತ್ರಿಯನ್ನೂ, ಕ್ಷೇತ್ರದ ಹಾಗೂ ಕಾಡಿನಂಚಿನ ರಾತ್ರಿಗಳನ್ನೂ ಮೊದಲೇ ಗೊತ್ತುಮಾಡುವುದು. ಉಳಿದುವನ್ನು ಅಂದಂದಿನ ಮಧ್ಯಾಹ್ನದ ಊಟದ ಹೊತ್ತಿಗೆ ದೂರವಾಣಿಯ ಮೂಲಕ ನಿಶ್ಚಯಿಸುವುದು. ದೀಪ ಹಚ್ಚುವ ಹೊತ್ತಿನ ಮೇಲೆ ಕೋಣೆಯನ್ನು ಅರಸದಿರುವುದು. ಮಾತನಾಡುವಾಗ ಕೆಲವು ಪ್ರಶ್ನೆಗಳನ್ನು ಮರೆಯಬಾರದು. ನೆಲಮಾಳಿಗೆಯೆಂದು ಕತ್ತಲೆಯ ಕೋಣೆಯನ್ನು ಕೊಡದೆ ನೆಲಮಟ್ಟದ ಕೋಣೆಯನ್ನು ಕೊಡುವರೆ, ಇಲ್ಲವಾದರೆ ಲಿಫ್ಟು ಉಂಟೆ. ಮಂಡಿ ಬಾಗದವರಿಗೆ ತಕ್ಕ ಶೌಚಾಲಯವಿದೆಯೆ. ಬಿಸಿನೀರು ಎಷ್ಟು ಹೊತ್ತಿಗೆ ಬರುವುದು. ದಿನದ ಲೆಕ್ಕವು ಇಪ್ಪತ್ತನಾಲ್ಕು ಗಂಟೆಯದೋ, ಮಧ್ಯಾಹ್ನಕ್ಕೆ ಮುಗಿಯುವುದೋ. ಬಾರದಿದ್ದರೆ ಮುಂಗಡವನ್ನು ಹಿಂದಿರುಗಿಸುವರೆ ಎಂದು ಕೇಳಿ ತಿಳಿಯಬೇಕು. ಎಲ್ಲರ ಗುರುತಿನ ಚೀಟಿಗಳೂ ಜೊತೆಯಲ್ಲಿರಬೇಕು. ಕ್ಷೇತ್ರಗಳ ವಸತಿಗೃಹಗಳ ಹೆಸರಿನಲ್ಲಿ ಸುಳ್ಳು ಜಾಲತಾಣಗಳನ್ನು ತೆರೆದು ಹಣ ಸೆಳೆಯುವ ವಂಚಕರಿರುವರಾದ್ದರಿಂದ, ಆಯಾ ಸಂಸ್ಥೆಯಿಂದಲೇ ಖಚಿತಪಡಿಸಿಕೊಳ್ಳದೆ ಮುಂಗಡವನ್ನು ಕಳುಹಿಸಬಾರದು. ಮೋಸಹೋದವರು ತಡಮಾಡದೆ 1930 ಎಂಬ ಸಹಾಯವಾಣಿಗೆ ದೂರು ಕೊಡತಕ್ಕದ್ದು.

ಕೊನೆಯದಾಗಿ, ಕೋಣೆಯನ್ನು ಗೊತ್ತುಮಾಡಿದವನಿಗೂ ಒಂದು ಧರ್ಮವುಂಟು. ಹಣ ಕೊಟ್ಟಮಾತ್ರಕ್ಕೆ ಬರಿಯ ಕೋಣೆಗೆ ಬೀಗ ಹಾಕಿಸಿಡುವ ಹಕ್ಕು ಬಂತೆಂದು ತಿಳಿಯಬಾರದು. ಪ್ರಯಾಣವು ನಿಂತರೆ ಆ ಕ್ಷಣವೇ ತಿಳಿಸುವುದು ಒಂದು ಮಾತಿನ ಕೆಲಸ. ಆ ಮಾತಿನಿಂದ ಯಾರದೋ ತಾಯಿಗೆ ಹಾಸಿಗೆ ದೊರೆಯುವುದು. ಹಿಂದಿನ ಗೃಹಸ್ಥನು ಅತಿಥಿಗೆ ಜಗಲಿಯನ್ನು ಬಿಟ್ಟುಕೊಡುತ್ತಿದ್ದನು. ಇಂದಿನ ಗೃಹಸ್ಥನು ತನಗೆ ಬೇಡವಾದ ಕೋಣೆಯನ್ನಾದರೂ ಬಿಟ್ಟುಕೊಡಲಿ. ಹೊರಡುವ ಮುನ್ನ ಭೂಪಟವನ್ನು ಮನೆಯ ಹಿರಿಯರ ಮುಂದೆಯೂ ಗೃಹಿಣಿಯ ಮುಂದೆಯೂ ಹರಡಿ, ದಿನಕ್ಕೆ ಎಷ್ಟು ದೂರ ಕುಳಿತಿರಬಲ್ಲಿರೆಂದು ಮೊದಲು ಅವರನ್ನು ಕೇಳಲಿ. ಬಿಡಾರವು ಯಾವ ಊರಿನಲ್ಲಿರಬೇಕೆಂಬುದು ಅವರ ಉತ್ತರದಿಂದಲೇ ತಿಳಿಯುವುದು.