ಬಚ್ಚಲುಮನೆಯ ತೇವ

ಬಚ್ಚಲುಮನೆಯ ತೇವಕ್ಕೆ ಮೂಲ ಎರಡು: ಬಿಸಿನೀರಿನ ಹಬೆ, ಗೋಡೆಯೊಳಗಿನ ಸೋರಿಕೆ. ಹಾಸನ ಸೀಮೆಯ ಹಳೆಯ ಮನೆಗಳಲ್ಲಿ ಹಂಡೆಯ ಒಲೆ ಗೋಡೆಯನ್ನು ಒಣಗಿಸುತ್ತಿತ್ತು, ಹೊಗೆಯೊಡನೆ ಹಬೆಯೂ ಹೆಂಚಿನ ಸಂದಿಯಿಂದ ಹೊರಬೀಳುತ್ತಿತ್ತು. ಆರ್‌ಸಿಸಿ ಮನೆಯ ಕೋಣೆಗೆ ಅಂಟಿದ ಬಚ್ಚಲಿನಲ್ಲಿ ಗೀಸರ್ ಇದೆ, ಹಬೆಗೆ ದಾರಿಯಿಲ್ಲ. ಅದು ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಮಲೆನಾಡಿನ ಮಗ್ಗುಲಿನ ಅರಕಲಗೂಡಿನಲ್ಲಿ ಮಳೆಗಾಲದ ಹೊರಗಾಳಿಯೇ ತೇವ. ಚನ್ನರಾಯಪಟ್ಟಣದ ಬಯಲುಸೀಮೆಯಲ್ಲಿ ಕಿಟಕಿ ತೆರೆದರೆ ಬಹುಪಾಲು ಕೆಲಸ ಮುಗಿಯುತ್ತದೆ.

ಮೂಲ ಪತ್ತೆಗೆ ಸುಲಭ ಪರೀಕ್ಷೆಯಿದೆ. ಪ್ಲಾಸ್ಟಿಕ್ ಹಾಳೆಯನ್ನು ಒರೆಸಿದ ಗೋಡೆಗೆ ನಾಲ್ಕೂ ಅಂಚು ಟೇಪಿನಿಂದ ಅಂಟಿಸಿ ಒಂದೆರಡು ದಿನ ಬಿಡಬೇಕು. ಹನಿ ಹೊರಮೈಯಲ್ಲಿದ್ದರೆ ಹಬೆ, ಒಳಮೈಯಲ್ಲಿದ್ದರೆ ಸೋರಿಕೆಯ ಶಂಕೆ. ಸೋರಿಕೆಯಿದ್ದಾಗ ಪೈಪು, ಟೈಲ್ಸ್ ಸಂದಿ ಸರಿಪಡಿಸದೆ ಬಣ್ಣ ಬಳಿಯುವುದು ದುಡ್ಡು ದಂಡ.

ಹಬೆಗೆ ಎಕ್ಸಾಸ್ಟ್ ಫ್ಯಾನ್ ಮದ್ದು. 5 ಅಡಿ ಅಗಲ, 8 ಅಡಿ ಉದ್ದ, 9 ಅಡಿ ಎತ್ತರದ ಬಚ್ಚಲಿನಲ್ಲಿ 360 ಘನ ಅಡಿ ಗಾಳಿಯಿರುತ್ತದೆ. ಗಂಟೆಗೆ 8 ಸಲ ಬದಲಾಗಲು ಫ್ಯಾನು 2,880 ಘನ ಅಡಿ ಎಳೆಯಬೇಕು. ಬಾಗಿಲ ಕೆಳಗೆ ಅರ್ಧ ಅಂಗುಲ ಸಂದಿಯಿಲ್ಲದಿದ್ದರೆ ಎಂಥ ಫ್ಯಾನೂ ವ್ಯರ್ಥ. ಸ್ನಾನದ ನಂತರವೂ ಸುಮಾರು ಇಪ್ಪತ್ತು ನಿಮಿಷ ಅದು ಓಡಲಿ.

ಬೂಷ್ಟು ತೆಗೆಯುವ ಬ್ಲೀಚಿಂಗ್ ಪುಡಿಯನ್ನು ಆಸಿಡ್ ಜೊತೆ ಬೆರೆಸಿದರೆ ವಿಷಕಾರಿ ಕ್ಲೋರಿನ್ ಏಳುತ್ತದೆ. ಗ್ಯಾಸ್ ಗೀಸರ್ ಇನ್ನೂ ಅಪಾಯ: ಗಾಳಿಯಾಡದ ಬಚ್ಚಲಿನಲ್ಲಿ ಅದು ಉಗುಳುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಅದನ್ನು ಹೊರಗೋಡೆಗೆ ಹಾಕಿಸಿ, ನೀರಿನ ಪೈಪನ್ನಷ್ಟೇ ಒಳಗೆ ತರಬೇಕು.