ಬೆಂಕಿ ಮಾತ್ರ ಇಲ್ಲಿಯದು

ಜಪಾನಿನ ಕ್ಯೂಶೂ ದ್ವೀಪದ ದಕ್ಷಿಣ ತುದಿಯಲ್ಲಿ ಕಗೋಶಿಮಾ ಎಂಬ ಪ್ರಾಂತವಿದೆ. ಹಿಂದೆ ಆ ಸೀಮೆಗೆ ಸತ್ಸುಮಾ ಎಂದು ಹೆಸರು. ಅಲ್ಲಿಯ ಮಿಯಾಮಾ ಎಂಬ ಹಳ್ಳಿಯಲ್ಲಿ ಚಿನ್ ಜುಕನ್ ಎಂಬ ಕುಂಬಾರ ಮನೆತನದವರು ತಮ್ಮ ಮೂಲಪುರುಷನು ಮಾಡಿದ್ದೆಂದು ಹೇಳುವ ಒಂದು ಚಹದ ಬಟ್ಟಲನ್ನು ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಇಂಥ ಬಟ್ಟಲುಗಳನ್ನು ‘ಹಿಬಕಾರಿ’ ಎನ್ನುತ್ತಾರೆ. ‘ಬೆಂಕಿ ಮಾತ್ರ’ ಎಂದು ಆ ಮಾತಿನ ಅರ್ಥ. ಮಣ್ಣು ಕೊರಿಯಾದಿಂದ ತಂದದ್ದು, ಮೇಲಿನ ಮೆರುಗಿನ ಸಾಮಗ್ರಿಯೂ ಅಲ್ಲಿಯದೇ, ತಿದ್ದಿದ ಕೈಯೂ ಕೊರಿಯಾದ್ದು. ಸುಟ್ಟ ಬೆಂಕಿ ಮಾತ್ರ ಜಪಾನಿನದು. ಜಪಾನಿನ ಮಣ್ಣಿನ ಪಾತ್ರೆಗಳ ಸೊಬಗನ್ನು ಲೋಕವೆಲ್ಲ ಕೊಂಡಾಡುತ್ತದೆ. ಆ ಸೊಬಗಿನಲ್ಲಿ ಪರಸ್ಥಳದಿಂದ ಬಂದ ಕೈಗಳ ಪಾಲು ಎಷ್ಟೆಂಬುದನ್ನು ತಿಳಿಯಬೇಕಾದರೆ ಈ ಬಟ್ಟಲಿನ ಕಥೆಯನ್ನು ಕೇಳಬೇಕು.

ಹದಿನಾರನೆಯ ಶತಮಾನದ ಜಪಾನಿನಲ್ಲಿ ದೊಡ್ಡವರ ಮನೆಯ ಚಹಾ ಕೇವಲ ಬಾಯಾರಿಕೆಯ ಮಾತಾಗಿರಲಿಲ್ಲ. ಹಸಿರು ಚಹದ ಪುಡಿಯನ್ನು ಬಟ್ಟಲಿಗೆ ಹಾಕಿ, ಬಿಸಿನೀರು ಬೆರಸಿ, ಬಿದಿರಿನ ಪುಟ್ಟ ಕಡೆಗೋಲಿನಂಥ ಸಾಧನದಿಂದ ನೊರೆಯೇಳುವಂತೆ ಕಡೆದು ಅತಿಥಿಯ ಮುಂದಿಡುವುದು ಒಂದು ವ್ರತದಂತೆ ನಡೆಯುತ್ತಿತ್ತು. ಈ ಕ್ರಮವನ್ನು ತಿದ್ದಿ ರೂಪಿಸಿದವರಲ್ಲಿ ಸೆನ್ ನೊ ರಿಕ್ಯು (1522–1591) ಮುಖ್ಯನು. ಅವನ ಒಡೆಯನಾದ ಟೊಯೊಟೊಮಿ ಹಿಡೆಯೋಶಿ ದೇಶವನ್ನೆಲ್ಲ ಗೆದ್ದವನು. ಚಹಾ ಕುಡಿಯಲು ಚಿನ್ನದ ತಗಡು ಹೊದಿಸಿದ ಕೋಣೆಯನ್ನೇ ಕಟ್ಟಿಸಿಕೊಂಡವನು. ರಿಕ್ಯು ಮಾತ್ರ ಚೋಜಿರೋ ಎಂಬ ಕುಶಲಿಯಿಂದ ಕರಿಯ ಮಣ್ಣಿನ ಬಟ್ಟಲುಗಳನ್ನು ಮಾಡಿಸಿದನು. ಇವಕ್ಕೆ ರಾಕು ಎಂದು ಹೆಸರು. ತಿಗರಿಯ ಹಂಗಿಲ್ಲದೆ, ಬರಿಯ ಕೈಯಿಂದ ಒತ್ತಿ, ಅಲಗಿನಿಂದ ಹೆರೆದು ಮಾಡಿದ ಪಾತ್ರೆಗಳು ಅವು. ಕೆಂಡದಂತೆ ಕಾದಿರುವಾಗಲೇ ಇಕ್ಕಳದಿಂದ ಹಿಡಿದು ಹೊರಗೆಳೆದರೆ, ಥಟ್ಟನೆ ಆರಿ ಮೆರುಗು ಕಪ್ಪಾಗುತ್ತದೆ. ದಪ್ಪನೆಯ ಗೋಡೆಯಾದ್ದರಿಂದ ಚಹದ ಬಿಸಿ ಅಂಗೈಗೆ ನಿಧಾನವಾಗಿ ಬರುತ್ತದೆ. ಸ್ಟೀಲಿನ ಲೋಟದಲ್ಲಿ ಬೆರಳು ಸುಟ್ಟುಕೊಂಡು ಕುಡಿಯುವ ನಮಗೆ ಇದರ ಸುಖ ಬೇಗ ಅರ್ಥವಾದೀತು. ಈ ಚೋಜಿರೋವಿನ ತಂದೆಯೂ ಚೀನಾದಿಂದ ಬಂದವನೆಂದು ಹೇಳುತ್ತಾರೆ.

ರಸಿಕರ ಕಣ್ಣು ಎಲ್ಲಕ್ಕಿಂತ ಹೆಚ್ಚಾಗಿ ಬಿದ್ದದ್ದು ಕೊರಿಯಾದ ಬಟ್ಟಲುಗಳ ಮೇಲೆ. ‘ಇಡೊ’ ಎಂಬ ಜಾತಿಯವು ಅವುಗಳಲ್ಲಿ ಶ್ರೇಷ್ಠ. ಅಂಥದೊಂದು ಬಟ್ಟಲು ಇಂದು ಜಪಾನಿನ ರಾಷ್ಟ್ರೀಯ ನಿಧಿ. ಕ್ಯೋಟೋ ನಗರದ ದೈತೊಕುಜಿ ಮಠಕ್ಕೆ ಸೇರಿದ ಕೊಹೊಆನ್ ಎಂಬಲ್ಲಿದೆ. ಹಿಂದೊಮ್ಮೆ ಅದು ಕಿಜಾಯೆಮೋನ್ ಎಂಬ ವರ್ತಕನ ಕೈಯಲ್ಲಿದ್ದುದರಿಂದ ಅವನ ಹೆಸರೇ ನಿಂತಿದೆ. ಮಾಡಿದವನ ಹೆಸರು ಯಾರಿಗೂ ಗೊತ್ತಿಲ್ಲ! ಜಾನಪದ ಕರಕುಶಲಗಳಿಗಾಗಿ ದುಡಿದ ಯಾನಗಿ ಸೋಎತ್ಸು ಅವರು 1931ರಲ್ಲಿ ಅದನ್ನು ಕೈಗೆತ್ತಿಕೊಂಡು ನೋಡಿದರು. ಐದು ಪೆಟ್ಟಿಗೆಗಳೊಳಗಿಂದ ಹೊರಬಂದದ್ದು ಹೊಲದ ಮಣ್ಣಿನ ಬಣ್ಣದ, ತಿಗರಿಯ ಗೆರೆಗಳು ಎದ್ದು ಕಾಣುವ, ಅಡಿಯ ಬಳೆಯ ಸುತ್ತ ಮೆರುಗು ಹೆಪ್ಪುಗಟ್ಟಿ ನಿಂತ ಒಂದು ಸಾಮಾನ್ಯ ಬಟ್ಟಲು. ಬಡವನ ಮನೆಯ ಅನ್ನದ ಬಟ್ಟಲೆಂದೂ, ಸುಂದರವಾಗಿ ಮಾಡಬೇಕೆಂಬ ಯೋಚನೆಯೇ ಇಲ್ಲದೆ ಮಾಡಿದ್ದರಿಂದಲೇ ಅದು ಸುಂದರವಾಯಿತೆಂದೂ ಯಾನಗಿಯವರು ಬರೆದರು. ಅದು ಪೂಜೆಯ ಪಾತ್ರೆಯಾಗಿದ್ದೀತು ಎನ್ನುವ ಪಂಡಿತರೂ ಈಗ ಇದ್ದಾರೆ. ದಿನಕ್ಕೆ ನೂರಾರು ತಿದ್ದಿ ತಿದ್ದಿ ಪಳಗಿದ ಕೈ ಎಲ್ಲಿಯೂ ತಡವರಿಸಿಲ್ಲವೆಂಬುದು ಮಾತ್ರ ಚಿತ್ರದಲ್ಲಿ ನೋಡಿದವರಿಗೂ ಕಾಣುತ್ತದೆ.

ಪಾತ್ರೆಗಳ ಮೇಲಿನ ಈ ಮೋಹವು ಅದನ್ನು ಮಾಡುವವರಿಗೆ ಮುಳುವಾಯಿತು. ಹಿಡೆಯೋಶಿ 1592ರಲ್ಲಿ ಕೊರಿಯಾದ ಮೇಲೆ ದಂಡೆತ್ತಿಹೋದನು. 1597ರಲ್ಲಿ ಮತ್ತೆ ಸೈನ್ಯ ಕಳುಹಿಸಿದನು. ಮರುವರ್ಷ ಅವನು ಸತ್ತ ಮೇಲೆ ಸೇನೆಗಳು ಹಿಂದಿರುಗಿದವು. ಬರುವಾಗ ಸಾಮಂತ ದೊರೆಗಳು ಕೊರಿಯಾದ ಕುಂಬಾರರನ್ನು ಸೆರೆಹಿಡಿದು ಹಡಗಿನಲ್ಲಿ ತಂದರು. ‘ಮಡಕೆಯ ಯುದ್ಧ’ ಎಂದು ಈ ದಂಡಯಾತ್ರೆಗೆ ಅಡ್ಡಹೆಸರೇ ಉಂಟು. ಹೀಗೆ ಬಂದವರಲ್ಲಿ ಯಿ ಸಾಮ್‌ಪ್ಯೊಂಗ್ ಎಂಬವನು 1616ರ ಸುಮಾರಿಗೆ ಅರಿತಾ ಎಂಬಲ್ಲಿ ಪಿಂಗಾಣಿಗೆ ತಕ್ಕ ಕಲ್ಲನ್ನು ಕಂಡುಹಿಡಿದನೆಂದು ಪ್ರತೀತಿ. ಜಪಾನಿನ ಪಿಂಗಾಣಿ ಅಲ್ಲಿಂದಲೇ ಶುರುವಾಯಿತು. ಅವನಿಗೆ ಅಲ್ಲಿ ಸ್ಮಾರಕವೂ ಇದೆ.

ಸತ್ಸುಮಾದ ದೊರೆ ಶಿಮಾಜು ಯೋಶಿಹಿರೋ 1598ರಲ್ಲಿ ತಂದವರು ಸುಮಾರು 80 ಮಂದಿ. ಅವರಲ್ಲಿ ನಾಮ್‌ವೋನ್ ಎಂಬ ಊರಿನಲ್ಲಿ ಸೆರೆಸಿಕ್ಕಿದ ಶಿಮ್ ಎಂಬ ವಂಶದವನೊಬ್ಬನಿದ್ದನು. ‘ಶಿಮ್’ ಎಂಬುದನ್ನೇ ಜಪಾನಿನವರು ‘ಚಿನ್’ ಎಂದು ಉಚ್ಚರಿಸುತ್ತಾರೆ. ಇವರು ನೆಲೆಸಿದ ನಯೆಶಿರೋಗಾವಾ ಎಂಬ ಹಳ್ಳಿಯೇ ಈಗಿನ ಮಿಯಾಮಾ. ದೊರೆಯು ಅವರಿಗೆ ನೆಲೆಯನ್ನೂ ಮಾನವನ್ನೂ ಕೊಟ್ಟನು. ಆದರೆ ಮುಂದೆ ಬಂದ ಕಟ್ಟಳೆ ವಿಚಿತ್ರವಾದದ್ದು: ಅವರು ಜಪಾನೀ ಹೆಸರು ಇಟ್ಟುಕೊಳ್ಳಕೂಡದು, ಕೊರಿಯಾದ ನುಡಿಯನ್ನೂ ಉಡುಪನ್ನೂ ಬಿಡಕೂಡದು! ಕೊರಿಯಾದ ಹಡಗು ಒಡೆದು ಯಾರಾದರೂ ದಡ ಸೇರಿದರೆ ದುಭಾಷಿಗಳು ಬೇಕಲ್ಲವೆ? ಊರ ಗುಡ್ಡದ ಮೇಲೆ ಅವರು ಕೊರಿಯಾದ ಆದಿಪುರುಷನಾದ ತಾನ್‌ಗುನ್‌ನಿಗೆ ಗುಡಿ ಕಟ್ಟಿಕೊಂಡರು.

ಅವರು ತಂದ ವಿದ್ಯೆ ಎಂಥದು? ಮೊದಲನೆಯದು ಒಲೆ. ನಮ್ಮ ಹಳ್ಳಿಯ ಕುಂಬಾರನ ಆವಿಗೆಯಲ್ಲಿ ಮಡಕೆ ಸುಡುತ್ತದೆ, ಆದರೆ ಕಲ್ಲಾಗುವುದಿಲ್ಲ, ನೀರು ಜಿನುಗುತ್ತದೆ. ಬೇಸಗೆಯಲ್ಲಿ ನೀರು ತಣ್ಣಗಿರುವುದೂ ಅದರಿಂದಲೇ. ಮಣ್ಣು ಕಲ್ಲಿನಂತಾಗಬೇಕಾದರೆ 1,200 ಡಿಗ್ರಿ ಸೆಂಟಿಗ್ರೇಡಿಗೂ ಮಿಕ್ಕ ಕಾವು ಬೇಕು. ಇದಕ್ಕಾಗಿ ಗುಡ್ಡದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೋಣೆಗಳನ್ನು ಕಟ್ಟುತ್ತಾರೆ. ಕೆಳಗಿನ ಕೋಣೆಯಲ್ಲಿ ಉರಿ ಹಾಕಿದರೆ ಅದರ ಕಾವು ವ್ಯರ್ಥವಾಗದೆ ಮೇಲಿನದಕ್ಕೆ ಏರುತ್ತದೆ; ಅಲ್ಲಿ ಪಕ್ಕದ ಕಂಡಿಯಿಂದ ಇನ್ನಷ್ಟು ಸೌದೆ ಕೊಟ್ಟರೆ ಸಾಕು. ಎರಡನೆಯದು, ಕಾಲಿನಿಂದ ಒದ್ದು ತಿರುಗಿಸುವ ತಿಗರಿ. ಎರಡು ಕೈಯೂ ಮಣ್ಣಿನ ಮೇಲೇ ಇರಬಹುದು.

ಮೊದಲು ಅಲ್ಲಿ ಬಿಳಿಯ ಮಣ್ಣು ಸಿಕ್ಕಿರಲಿಲ್ಲ. ಆದ್ದರಿಂದಲೇ ತವರಿನಿಂದ ತಂದ ಮಣ್ಣಿನಲ್ಲಿ ಆ ‘ಹಿಬಕಾರಿ’ ಬಟ್ಟಲುಗಳು ಆದದ್ದು. ಕೆಲವು ವರ್ಷಗಳ ಮೇಲೆ ಸತ್ಸುಮಾದಲ್ಲೇ ಬಿಳಿಮಣ್ಣನ್ನು ಪತ್ತೆಹಚ್ಚಿದರು. ಅದರಿಂದಾದ ದಂತವರ್ಣದ ಪಾತ್ರೆಗಳು ದೊರೆಮನೆಗೆ ಮೀಸಲು. ಅವುಗಳ ಮೈಮೇಲೆ ಜೇಡನ ಬಲೆಯಂಥ ನವಿರಾದ ಬಿರುಕುಗಳಿರುತ್ತವೆ. ಆರುವಾಗ ಒಳಗಿನ ಮಣ್ಣಿಗಿಂತ ಮೇಲಿನ ಗಾಜಿನ ಮೆರುಗು ಹೆಚ್ಚು ಕುಗ್ಗುವುದರಿಂದ ಅವು ಹುಟ್ಟುತ್ತವೆ. ಲೆಕ್ಕ ತಪ್ಪಿದರೆ ಅದು ದೋಷ. ಲೆಕ್ಕವಿಟ್ಟು ಮಾಡಿದರೆ ಅದೇ ಅಲಂಕಾರ. ಸಾಮಾನ್ಯ ಜನರಿಗೆ ಕಬ್ಬಿಣದ ಅಂಶವುಳ್ಳ ಮಣ್ಣಿನ ಕರಿಯ ಪಾತ್ರೆ: ಜಾಡಿ, ಬೋಗುಣಿ, ಮದ್ಯ ಬೆಚ್ಚಗೆ ಮಾಡುವ ಚಪ್ಪಟೆ ಗಿಂಡಿ. ನನಗೇನೋ ಈ ಕರಿಯವೇ ಹೆಚ್ಚು ಹಿಡಿಸುತ್ತವೆ.

ದೊರೆತನ ಅಳಿದ ಮೇಲೆ ಈ ಮನೆತನದ ಹನ್ನೆರಡನೆಯ ತಲೆಯವನು 1873ರ ವಿಯೆನ್ನಾ ಪ್ರದರ್ಶನಕ್ಕೆ ದೊಡ್ಡ ಹೂದಾನಿಗಳನ್ನು ಮಾಡಿಕೊಟ್ಟನು. ಯುರೋಪು ಮರುಳಾಯಿತು. ಅವನ ಹೆಸರನ್ನೇ ಮುಂದಿನ ಪೀಳಿಗೆಯವರೆಲ್ಲ ಧರಿಸುತ್ತ ಬಂದಿದ್ದಾರೆ. ಹೊರದೇಶಕ್ಕೆಂದು ಆಮೇಲೆ ಆದ ಮಾಲಿನಲ್ಲಿ ಚಿನ್ನದ ಬಣ್ಣ ಅತಿಯಾಯಿತು ಎಂದೇ ಹೇಳಬೇಕು. ಹೈದರಾಬಾದಿನಲ್ಲಿರುವ ನಮ್ಮವರು ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಸತ್ಸುಮಾದ ಪಾತ್ರೆಗಳನ್ನು ನೋಡಬಹುದು. ಒಂದು ರಜಾದಿನಕ್ಕೆ ನಷ್ಟವಿಲ್ಲ.

ಹೊಸ ಕಾಲದಲ್ಲಿ ಹಳೆಯ ಕಟ್ಟಳೆ ತಿರುಗಿಬಿತ್ತು. ಯಾವ ಕೊರಿಯಾ ಹೆಸರನ್ನು ಬಿಡಕೂಡದೆಂದಿದ್ದರೋ ಅದೇ ಹೆಸರು ಈಗ ಹೊರೆಯಾಯಿತು. ಇದೇ ಹಳ್ಳಿಯ ಪಾಕ್ ಎಂಬ ಮನೆತನದವರು 1886ರಲ್ಲಿ ತೋಗೋ ಎಂಬ ಜಪಾನೀ ಹೆಸರನ್ನು ಪಡೆದುಕೊಂಡರು. ಆ ಮನೆಯ ಹುಡುಗ ತೋಗೋ ಶಿಗೆನೋರಿ 1941ರಲ್ಲಿಯೂ 1945ರಲ್ಲಿಯೂ ಜಪಾನಿನ ವಿದೇಶಾಂಗ ಮಂತ್ರಿಯಾಗಿದ್ದನು. ಚಿನ್ ಮನೆತನದವರು ಮಾತ್ರ ಹೆಸರು ಬದಲಿಸಲಿಲ್ಲ. ಅವರ ಹದಿನಾಲ್ಕನೆಯ ತಲೆಯವರನ್ನು ಕುರಿತು ಶಿಬಾ ರ್ಯೊತಾರೋ ಎಂಬ ಕಾದಂಬರಿಕಾರರು 1968ರಲ್ಲಿ ಒಂದು ಕಥೆ ಬರೆದರು. ತವರೂರನ್ನು ಮರೆಯುವುದು ಕಷ್ಟ ಎಂಬುದು ಅದರ ಶೀರ್ಷಿಕೆಯ ತಾತ್ಪರ್ಯ.

ಬಂದು 400 ವರ್ಷ ತುಂಬಿದ 1998ರಲ್ಲಿ, ನಾಮ್‌ವೋನಿನಲ್ಲಿ ಹೊತ್ತಿಸಿದ ಬೆಂಕಿಯನ್ನು ಆರದಂತೆ ಕಾಪಾಡಿ ಹಡಗಿನಲ್ಲಿ ಸಮುದ್ರ ದಾಟಿಸಿ ಮಿಯಾಮಾಕ್ಕೆ ತಂದರು. ಮಣ್ಣು ಜಪಾನಿನದು, ಕೈಯೂ ಜಪಾನಿನದು. ಆ ಬೆಂಕಿಯಿಂದ ಒಲೆ ಹೊತ್ತಿಸಿ ಪಾತ್ರೆಗಳನ್ನು ಸುಟ್ಟರು.