ನಿಮ್ಮ ಮೇಲೆ ಸಿವಿಲ್ ದಾವೆ ಬಂದರೆ: ಪ್ರತಿವಾದಿ ಪರ ವಕೀಲರ ಹಿನ್ನೆಲೆ ನೋಡುವುದು ಹೇಗೆ?

ಮಾಲಿನ ಬಾಕಿ, ಅಂಗಡಿ ಬಾಡಿಗೆ, ಮನೆತನದ ಆಸ್ತಿ ಪಾಲು, ಟ್ರಸ್ಟಿನ ಲೆಕ್ಕಪತ್ರ ಇಂಥ ತಕರಾರುಗಳು ನ್ಯಾಯಾಲಯಕ್ಕೆ ಹೋದರೆ ಅದು ಸಿವಿಲ್ ದಾವೆ. ದಾವೆ ಹೂಡಿದವರು ವಾದಿ, ಉತ್ತರ ಕೊಡಬೇಕಾದವರು ಪ್ರತಿವಾದಿ. ವಾದಿಗೆ ವಕೀಲರನ್ನು ಹುಡುಕಲು ತಿಂಗಳುಗಟ್ಟಲೆ ಸಮಯ ಇರುತ್ತದೆ. ಪ್ರತಿವಾದಿಗೆ ಸಮನ್ಸ್ ಕೈಸೇರಿದ ದಿನದಿಂದಲೇ ದಿನಗಳ ಎಣಿಕೆ ಶುರುವಾಗುತ್ತದೆ. ಆದ್ದರಿಂದ ಸಮಾಜ ಬಾಂಧವರು, ಮುಖ್ಯವಾಗಿ ವ್ಯಾಪಾರಸ್ಥರು ಮತ್ತು ಟ್ರಸ್ಟಿಗಳು ಈ ವಿಷಯ ಮೊದಲೇ ತಿಳಿದಿರುವುದು ಒಳ್ಳೆಯದು.

ಓದು ಮತ್ತು ಸನ್ನದು

ವಕೀಲರಾಗಲು ಪಿಯುಸಿ ನಂತರ 5 ವರ್ಷದ ಅಥವಾ ಪದವಿ ನಂತರ 3 ವರ್ಷದ ಕಾನೂನು ಶಿಕ್ಷಣ ಬೇಕು. ಬಳಿಕ 1961ರ ವಕೀಲರ ಕಾಯ್ದೆಯಂತೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ ಆಗಬೇಕು. 2009-10ನೇ ಸಾಲಿನಿಂದ ಈಚೆಗೆ ಕಾನೂನು ಪದವಿ ಪಡೆದವರು ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲೂ ಪಾಸಾಗಬೇಕು. ನೋಂದಣಿ ಸಂಖ್ಯೆಯ ಕೊನೆಯಲ್ಲಿ ಸನ್ನದು ಪಡೆದ ವರ್ಷ ಇರುತ್ತದೆ.

ನಮ್ಮಲ್ಲಿ ಸಿವಿಲ್‌ಗೊಂದು, ಕ್ರಿಮಿನಲ್‌ಗೊಂದು ಸನ್ನದು ಇಲ್ಲ. ಪ್ರತಿವಾದಿ ಪರ ವಾದಿಸಲು ಬೇರೆ ಪರೀಕ್ಷೆಯೂ ಇಲ್ಲ. ಹಾಗಾಗಿ ಸನ್ನದು ಒಂದೇ ಸಾಲದು, ಅವರು ಮಾಡಿರುವ ಕೆಲಸವನ್ನೇ ನೋಡಬೇಕು.

ಅವರ ಕೆಲಸ ಏನು?

ಮೊದಲ ಕೆಲಸ ಲಿಖಿತ ಹೇಳಿಕೆ, ಅಂದರೆ ರಿಟನ್ ಸ್ಟೇಟ್‌ಮೆಂಟ್. ಸಾಮಾನ್ಯ ದಾವೆಯಲ್ಲಿ ಸಮನ್ಸ್ ಮುಟ್ಟಿದ 30 ದಿನದೊಳಗೆ ಇದನ್ನು ಸಲ್ಲಿಸಬೇಕು. ಸರಿಯಾದ ಕಾರಣ ಇದ್ದರೆ ನ್ಯಾಯಾಲಯ 90 ದಿನದವರೆಗೆ ಬಿಡಬಹುದು. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಗೆ ಒಳಪಡುವ ದಾವೆಯಲ್ಲಿ 120 ದಿನ ದಾಟಿದರೆ ಉತ್ತರ ಕೊಡುವ ಹಕ್ಕೇ ಹೋಗುತ್ತದೆ. ಸಮನ್ಸ್ ಪಡೆದೂ ಹಾಜರಾಗದಿದ್ದರೆ ಏಕಪಕ್ಷೀಯ ಡಿಕ್ರಿ ಆಗಬಹುದು.

"ವಾದಿ ಹೇಳಿದ್ದೆಲ್ಲ ಸುಳ್ಳು" ಎಂದು ಒಂದೇ ಸಾಲು ಬರೆದರೆ ಸಾಲದು. 5 ಲಕ್ಷದ ಮಾಲು ಕೊಟ್ಟಿದ್ದೇನೆ ಎಂದು ವಾದಿ ಬರೆದಿದ್ದಾರೆ ಅನ್ನಿ. ಎಷ್ಟು ಮಾಲು ಬಂತು, ಎಷ್ಟು ವಾಪಸು ಹೋಯಿತು, ಯಾವ ತಾರೀಖು ಎಷ್ಟು ಹಣ ಕೊಟ್ಟಿರಿ ಎಂದು ಬಿಡಿಬಿಡಿಯಾಗಿ ಉತ್ತರಿಸಬೇಕು. ಸ್ಪಷ್ಟವಾಗಿ ನಿರಾಕರಿಸದ ಸಂಗತಿಯನ್ನು ಒಪ್ಪಿಕೊಂಡಂತೆಯೇ ಎಣಿಸಬಹುದು.

ಅನುಭವಿ ವಕೀಲರು ಮೊದಲು ತಾರೀಖುಗಳನ್ನು ನೋಡುತ್ತಾರೆ. 1963ರ ಕಾಲಮಿತಿ ಕಾಯ್ದೆ ಪ್ರಕಾರ ಮಾರಿದ ಮಾಲಿನ ಹಣಕ್ಕೆ ದಾವೆ ಹೂಡಲು 3 ವರ್ಷದ ಅವಧಿ. ಆದರೆ ಆ ಅವಧಿ ಮುಗಿಯುವ ಮೊದಲು ನೀವು ಬಾಕಿ ಒಪ್ಪಿ ಸಹಿ ಮಾಡಿದ್ದರೆ, ಅಲ್ಲಿಂದ ಹೊಸದಾಗಿ ಎಣಿಕೆ. ಒಂದು ಚೀಟಿಯಿಂದ ಇಡೀ ದಾವೆಯ ದಿಕ್ಕು ಬದಲಾಗಬಹುದು.

ಮುಂದಿನದು ಪಾಟೀ ಸವಾಲು. ಎದುರು ಸಾಕ್ಷಿಯನ್ನು ಪ್ರಶ್ನಿಸುವ ಈ ಕೆಲಸ ಕೆಳ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ನಿಂತವರಿಗೇ ಕೈಹಿಡಿಯುತ್ತದೆ.

ಕೇಳಬೇಕಾದ ಪ್ರಶ್ನೆಗಳು

1. ಇಂಥದೇ ದಾವೆಗಳಲ್ಲಿ ಪ್ರತಿವಾದಿ ಪರ ಎಷ್ಟು ಕಾಲ ನಡೆಸಿದ್ದೀರಿ?

2. ವಿಚಾರಣೆಯ ದಿನ ನೀವೇ ಬರುತ್ತೀರೋ, ಜೂನಿಯರ್ ಬರುತ್ತಾರೋ?

3. ಎದುರು ಪಕ್ಷದವರ ಕೆಲಸ ಹಿಂದೆ ಮಾಡಿದ್ದೀರಾ?

4. ಫೀಸು ಎಷ್ಟು, ಯಾವ ಹಂತಕ್ಕೆ ಎಷ್ಟು? ರಸೀದಿ ಕೊಡುತ್ತೀರಾ? ಗೆದ್ದ ಹಣದಲ್ಲಿ ಪಾಲು ಎಂಬ ಕರಾರು ವಕೀಲರ ಪರಿಷತ್ತಿನ ನಿಯಮಕ್ಕೆ ವಿರುದ್ಧ.

5. ರಾಜಿಗೆ ದಾರಿ ಇದೆಯೇ? ಮಧ್ಯಸ್ಥಿಕೆಗೂ ಲೋಕ ಅದಾಲತ್‌ಗೂ ಕಾನೂನಿನಲ್ಲೇ ಅವಕಾಶ ಇದೆ. ವಿಷಯ ರಾಜಿಗೆ ತಕ್ಕದ್ದಾದರೆ ಅದನ್ನು ಮೊದಲೇ ಹೇಳುವ ವಕೀಲರನ್ನು ಕಡೆಗಣಿಸಬೇಡಿ.

ವಕೀಲರು ಜಾಹೀರಾತು ಕೊಡುವಂತಿಲ್ಲ. ಹಾಗಾಗಿ ಹೆಸರು ಬಾಯಿಂದ ಬಾಯಿಗೇ ಬರುತ್ತದೆ. ಕೇಳಿದ್ದನ್ನು ಪರೀಕ್ಷಿಸಿ ನೋಡಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ವಕೀಲರ ಹೆಸರಿನಿಂದ ಅವರ ಪ್ರಕರಣಗಳನ್ನು ಹುಡುಕಬಹುದು. ನ್ಯಾಯಾಲಯ ಸಾಮಾನ್ಯವಾಗಿ ಎಲ್ಲರಿಗೂ ತೆರೆದಿರುತ್ತದೆ. ಒಂದು ದಿನ ಹಿಂದಿನ ಬೆಂಚಿನಲ್ಲಿ ಕುಳಿತು ಅವರು ಕೆಲಸ ಮಾಡುವುದನ್ನು ನೋಡಬಹುದು.

ನಮ್ಮ ಕಡೆಯ ಎಚ್ಚರ

ನಮ್ಮವರು, ಬೀಗರು, ಪರಿಚಯದವರು ಎಂಬ ಒಂದೇ ಕಾರಣಕ್ಕೆ ವಕಾಲತ್ತು ಕೊಡಬೇಡಿ. ವಕಾಲತ್ತನ್ನು ಓದಿ ಸಹಿ ಮಾಡಿ. ಖಾಲಿ ಕಾಗದಕ್ಕೆ ಯಾರು ಕೇಳಿದರೂ ಸಹಿ ಬೇಡ. ಟ್ರಸ್ಟಿನ ಮೇಲೆ ದಾವೆ ಬಂದಿದ್ದರೆ ಸಭೆ ಕರೆದು, ಯಾರು ಸಹಿ ಹಾಕಬೇಕೆಂದು ಠರಾವು ಬರೆದಿಡಿ. ಇಲ್ಲದಿದ್ದರೆ ಟ್ರಸ್ಟಿಗಳಲ್ಲೇ ಇನ್ನೊಂದು ಜಗಳ ಹುಟ್ಟುತ್ತದೆ.

ವಕೀಲರ ಬಳಿ ಹೋಗುವಾಗ ಸಮನ್ಸ್, ದಾವೆಯ ಪ್ರತಿ, ಬಿಲ್ಲು, ಖಾತೆ ಪುಸ್ತಕ, ಬ್ಯಾಂಕ್ ಸ್ಟೇಟ್‌ಮೆಂಟ್, ಜಿಎಸ್‌ಟಿ ಕಾಗದ ಎಲ್ಲವನ್ನೂ ಒಯ್ಯಿರಿ. ಸಮನ್ಸ್ ಮುಟ್ಟಿದ ತಾರೀಖನ್ನು ಅದರ ಮೇಲೇ ಬರೆದಿಟ್ಟಿರಿ. ನಮಗೆ ಅನುಕೂಲವಿಲ್ಲದ ಸಂಗತಿಯನ್ನೂ ಅವರಿಗೆ ಹೇಳಬೇಕು. ವಕೀಲರಿಗೆ ಹೇಳಿದ ಮಾತಿಗೆ ಕಾನೂನಿನ ರಕ್ಷಣೆ ಇದೆ. ಮುಚ್ಚಿಟ್ಟದ್ದು ಎದುರಿನವರ ಪಾಟೀ ಸವಾಲಿನಲ್ಲಿ ಹೊರಬಂದರೆ, ಎಷ್ಟೇ ಅನುಭವದ ವಕೀಲರಾದರೂ ಅಲ್ಲಿ ನಮ್ಮನ್ನು ಉಳಿಸುವುದು ಕಷ್ಟ.